ಮೈಕ್ರೋವೇವ್ ಓವನ್ ಕೈಕೊಟ್ಟಾಗ: ಸ್ಕ್ರೂ ಬಿಚ್ಚದೆ ದೋಷ ಹಿಡಿಯುವ ಬಗೆ

ಒಳಗೆ ದೀಪ ಉರಿಯುತ್ತದೆ, ತಟ್ಟೆ ತಿರುಗುತ್ತದೆ, ಸಮಯ ಮುಗಿದಾಗ ಬೀಪ್ ಸದ್ದೂ ಬರುತ್ತದೆ. ಬಾಗಿಲು ತೆಗೆದು ಮುಟ್ಟಿದರೆ ಸಾರು ಮಾತ್ರ ಫ್ರಿಜ್ಜಿನಿಂದ ಹೊರಬಂದಾಗ ಹೇಗಿತ್ತೋ ಹಾಗೇ ತಣ್ಣಗಿದೆ. ಮೈಕ್ರೋವೇವ್ ಓವನ್ ಬಗ್ಗೆ ಅತಿ ಸಾಮಾನ್ಯವಾದ ದೂರು ಇದು. ಇದಕ್ಕೆ ಸಿಗುವ ಉತ್ತರವೂ ಅಷ್ಟೇ ಸಾಮಾನ್ಯ: ‘ಮ್ಯಾಗ್ನೆಟ್ರಾನ್ ಹೋಗಿದೆ, ಬದಲಾಯಿಸಬೇಕು.’ ಆಹಾರ ಕಾಯಿಸುವ ಮೈಕ್ರೋವೇವ್ ಅಲೆಗಳನ್ನು ಹುಟ್ಟಿಸುವ ಈ ಮ್ಯಾಗ್ನೆಟ್ರಾನ್ ಓವನ್ನಿನ ದುಬಾರಿ ಭಾಗಗಳಲ್ಲೊಂದು. ಆದರೆ ಇದೇ ಲಕ್ಷಣ ಬಾಗಿಲ ಬಳಿಯ ಒಂದು ಸಣ್ಣ ಸ್ವಿಚ್ಚಿನಿಂದ ಬರಬಹುದು, ವಿದ್ಯುತ್ತನ್ನು ಒಂದೇ ದಿಕ್ಕಿಗೆ ಬಿಡುವ ಒಂದು ಡಯೋಡಿನಿಂದ ಬರಬಹುದು, ಗೋಡೆಯ ಸಾಕೆಟ್ಟಿಗೆ ಬರುತ್ತಿರುವ ಕಡಿಮೆ ವೋಲ್ಟೇಜಿನಿಂದಲೂ ಬರಬಹುದು. ದೋಷ ಯಾವ ಕಡೆಗಿದೆ ಎಂದು ಮನೆಯಲ್ಲೇ ಬಹುಮಟ್ಟಿಗೆ ಪತ್ತೆ ಹಚ್ಚಲು ಸಾಧ್ಯ. ಕಿವಿ, ಒಂದು ಲೋಟ ನೀರು, ಒಂದು ಇಸ್ತ್ರಿ ಪೆಟ್ಟಿಗೆ ಇದ್ದರೆ ಸಾಕು.

ಮೊದಲು ಒಂದು ಗಡಿ ಹಾಕಿಕೊಳ್ಳೋಣ. ಓವನ್ನಿನ ಹೊರಗಿನ ತಗಡಿನ ಕವಚವನ್ನು ಬಿಚ್ಚಬೇಡಿ. ಮಿಕ್ಸಿ, ಫ್ಯಾನು, ಟಿವಿಯನ್ನು ಸ್ವತಃ ಬಿಚ್ಚಿ ಸರಿಮಾಡಿದ ಅನುಭವ ಇದ್ದವರಿಗೂ ಈ ಮಾತು ಅನ್ವಯಿಸುತ್ತದೆ. ಒಳಗಿನ ಟ್ರಾನ್ಸ್‌ಫಾರ್ಮರ್ ಮನೆಯ 230 ವೋಲ್ಟನ್ನು ಸುಮಾರು 2000 ವೋಲ್ಟಿಗೆ ಏರಿಸುತ್ತದೆ. ಡಯೋಡು ಮತ್ತು ವಿದ್ಯುತ್ತನ್ನು ಕೂಡಿಡುವ ಕೆಪ್ಯಾಸಿಟರ್ ಸೇರಿ ಅದನ್ನು ಹೆಚ್ಚುಕಡಿಮೆ ಇಮ್ಮಡಿ ಮಾಡಿ ಮ್ಯಾಗ್ನೆಟ್ರಾನಿಗೆ ಕೊಡುತ್ತವೆ. ಪ್ಲಗ್ ಕಿತ್ತ ಮೇಲೂ ಆ ಕೆಪ್ಯಾಸಿಟರಿನಲ್ಲಿ ಪ್ರಾಣ ತೆಗೆಯುವಷ್ಟು ವಿದ್ಯುತ್ ಉಳಿದಿರಬಹುದು. ಅದನ್ನು ಮೆಲ್ಲಗೆ ಇಳಿಸಲು ಒಳಗೇ ಒಂದು ರೆಸಿಸ್ಟರ್ ಇಟ್ಟಿರುತ್ತಾರೆ, ಆದರೆ ಅದು ಕೆಟ್ಟಿದ್ದರೆ ಹೊರಗಿನಿಂದ ಗೊತ್ತಾಗುವುದಿಲ್ಲ. ಕವಚದ ಒಳಗಿನದು ಮೈಕ್ರೋವೇವ್ ರಿಪೇರಿ ಕಲಿತವರ ಕೆಲಸ. ಹೊರಗಿನದು ಮತ್ತು ಅಡುಗೆ ಇಡುವ ಗೂಡಿನ ಒಳಗಿನದು ನಿಮ್ಮ ಕೆಲಸ.

ಓವನ್ ಸತ್ತಂತೆ ಬಿದ್ದಿದ್ದರೆ

ದೀಪವಿಲ್ಲ, ಡಿಸ್‌ಪ್ಲೇ ಇಲ್ಲ, ಸದ್ದಿಲ್ಲ ಎಂದಾದರೆ ಮೊದಲು ಸಾಕೆಟ್ಟನ್ನು ಪರೀಕ್ಷಿಸಿ. ಮೊಬೈಲ್ ಚಾರ್ಜರ್ ಹಾಕಿ ನೋಡಿ ‘ಕರೆಂಟ್ ಇದೆ’ ಎಂದು ತೀರ್ಮಾನಿಸಬೇಡಿ. ಚಾರ್ಜರ್ ಎಳೆಯುವ ವಿದ್ಯುತ್ ತೀರಾ ಅಲ್ಪ, ಸಡಿಲ ತಂತಿಯಲ್ಲೂ ಅದು ನಡೆಯುತ್ತದೆ. 1000 ವ್ಯಾಟ್‌ನ ಇಸ್ತ್ರಿ ಪೆಟ್ಟಿಗೆಯನ್ನು ಅದೇ ಸಾಕೆಟ್ಟಿಗೆ ಹಾಕಿ ಎರಡು ನಿಮಿಷ ಬಿಡಿ. ಇಸ್ತ್ರಿ ಕಾಯದಿದ್ದರೆ, ಅಡುಗೆಮನೆಯ ಬಲ್ಬು ಕಣ್ಣಿಗೆ ಕಾಣುವಷ್ಟು ಮಂಕಾದರೆ, ಅಥವಾ ಸಾಕೆಟ್ಟಿನಿಂದ ಚಟಚಟ ಸದ್ದು ಬಂದರೆ ದೋಷ ಗೋಡೆಯಲ್ಲಿದೆ, ಓವನ್ನಿನಲ್ಲಲ್ಲ. ಎಲೆಕ್ಟ್ರೀಷಿಯನ್ ಕರೆಯಿರಿ.

ಪ್ಲಗ್ಗಿನ ಪಿನ್ನುಗಳನ್ನೂ ನೋಡಿ. ಕಂದು ಬಣ್ಣಕ್ಕೆ ತಿರುಗಿದ್ದರೆ, ಸುತ್ತಲಿನ ಪ್ಲಾಸ್ಟಿಕ್ ಉಬ್ಬಿದ್ದರೆ ಸಾಕೆಟ್ಟಿನ ಹಿಡಿತ ಸಡಿಲವಾಗಿ ಅಲ್ಲಿ ಬಿಸಿಯೇರುತ್ತಿದೆ. 20 ಲೀಟರಿನ ಸಾದಾ ಓವನ್ ಸುಮಾರು 1200 ವ್ಯಾಟ್ ಎಳೆಯುತ್ತದೆ, ಅಂದರೆ 5 ಆಂಪಿಯರಿಗಿಂತ ಹೆಚ್ಚು. ಗ್ರಿಲ್, ಕನ್ವೆಕ್ಷನ್ (ಬಿಸಿಗಾಳಿಯಲ್ಲಿ ಬೇಯಿಸುವ ವ್ಯವಸ್ಥೆ) ಇರುವ ದೊಡ್ಡ ಮಾಡೆಲ್‌ಗಳು 2400 ವ್ಯಾಟ್ ದಾಟುವುದುಂಟು, ಅದು 10 ಆಂಪಿಯರಿನ ಮೇಲೆ. ಹಾಗಾಗಿ ಇದಕ್ಕೆ ದಪ್ಪ ಪಿನ್ನಿನ 16 ಆಂಪಿಯರ್ ಸಾಕೆಟ್ಟೇ ಬೇಕು. ಅಡಾಪ್ಟರ್ ಸಿಕ್ಕಿಸಿ 6 ಆಂಪಿಯರ್ ಸಾಕೆಟ್ಟಿಗೆ ಹಾಕುವುದು, ಫ್ರಿಜ್ಜು ಓವನ್ ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬಾಕ್ಸಿನಿಂದ ನಡೆಸುವುದು ಬೆಂಕಿಗೆ ಆಹ್ವಾನ. ಮನೆಯ ಯುಪಿಎಸ್ ಲೈನಿಗೆ ಹಾಕಿದರೆ ಓವರ್‌ಲೋಡ್ ಆಗಿ ಯುಪಿಎಸ್ ಕೈಬಿಡುತ್ತದೆ. ಅಪಾರ್ಟ್‌ಮೆಂಟ್‌ಗಳಲ್ಲಿ ಕರೆಂಟ್ ಹೋದಾಗ ಜನರೇಟರಿನಿಂದ ಪ್ರತಿ ಮನೆಗೂ ಮಿತಿ ಹಾಕಿ ವಿದ್ಯುತ್ ಕೊಡುವುದು ಸಾಮಾನ್ಯ. ಆ ಹೊತ್ತಿನಲ್ಲಿ ಓವನ್ ಹಚ್ಚಿದಾಗ ಮನೆಯೆಲ್ಲ ಕತ್ತಲಾದರೆ ಅದು ಓವನ್ನಿನ ತಪ್ಪಲ್ಲ.

ಸಾಕೆಟ್ ಸರಿಯಿದ್ದೂ ಓವನ್ ಏಳದಿದ್ದರೆ ಒಳಗಿನ ಫ್ಯೂಸ್ ಹೋಗಿರುವ ಸಾಧ್ಯತೆ ಹೆಚ್ಚು. ಇಲ್ಲಿ ಒಂದು ಪ್ರಶ್ನೆಗೆ ಉತ್ತರ ನೆನಪಿಟ್ಟುಕೊಳ್ಳಿ: ಓವನ್ ಸತ್ತದ್ದು ಯಾವ ಕ್ಷಣದಲ್ಲಿ? ಬಾಗಿಲು ತೆಗೆದಾಗ ಅಥವಾ ಮುಚ್ಚಿದಾಗ ಸತ್ತಿದ್ದರೆ ಬಾಗಿಲ ಸ್ವಿಚ್ಚುಗಳ ಮೇಲೆ ಅನುಮಾನ ಪಡಬೇಕು. ಬಾಗಿಲ ಹಿಂದೆ ಸಾಮಾನ್ಯವಾಗಿ ಮೂರು ಸ್ವಿಚ್ಚುಗಳಿರುತ್ತವೆ. ಎರಡು ವಿದ್ಯುತ್ತನ್ನು ತಡೆಯಲು, ಮೂರನೆಯದು ಉಳಿದವನ್ನು ಕಾಯಲು. ಬಾಗಿಲು ತೆರೆದರೂ ಮೊದಲ ಸ್ವಿಚ್ಚು ಅಂಟಿಕೊಂಡೇ ಇದ್ದರೆ, ಈ ಮೂರನೆಯದು ಬೇಕೆಂದೇ ಶಾರ್ಟ್ ಮಾಡಿ ಫ್ಯೂಸ್ ಸುಟ್ಟುಬಿಡುತ್ತದೆ. ಬಾಗಿಲು ತೆರೆದಿರುವಾಗ ಮೈಕ್ರೋವೇವ್ ಹೊರಬರಬಾರದು ಎಂಬುದಕ್ಕಾಗಿಯೇ ಈ ಏರ್ಪಾಡು. ಆದ್ದರಿಂದ ಬರೀ ಫ್ಯೂಸ್ ಹಾಕಿ ಹೋದರೆ ಅದು ಮತ್ತೆ ಸುಡುತ್ತದೆ. ‘ಫ್ಯೂಸ್ ಯಾಕೆ ಹೋಯಿತು?’ ಎಂದು ಕೇಳಿ, ಸ್ವಿಚ್ಚುಗಳನ್ನೂ ಪರೀಕ್ಷಿಸಲು ಹೇಳಿ. ಫ್ಯೂಸಿನ ಜಾಗದಲ್ಲಿ ತಂತಿ ಸುತ್ತುವವರು ಬಂದರೆ ಆ ಕ್ಷಣವೇ ವಾಪಸ್ ಕಳಿಸಿ.

ಡಿಸ್‌ಪ್ಲೇ ಇದೆ, ಸ್ಟಾರ್ಟ್ ಆಗುತ್ತಿಲ್ಲ

ಚೈಲ್ಡ್ ಲಾಕ್ ಬಿದ್ದಿದೆಯೇ ನೋಡಿ. ಡಿಸ್‌ಪ್ಲೇ ಮೇಲೆ ಬೀಗದ ಚಿತ್ರವೋ ಅಕ್ಷರವೋ ಇರುತ್ತದೆ. ಬಹಳ ಮಾಡೆಲ್‌ಗಳಲ್ಲಿ ಸ್ಟಾಪ್ ಗುಂಡಿಯನ್ನು 3 ಸೆಕೆಂಡಿನಷ್ಟು ಒತ್ತಿ ಹಿಡಿದರೆ ಲಾಕ್ ಬಿಡುತ್ತದೆ. ಒರೆಸುವಾಗ ಕೈತಾಗಿ ಲಾಕ್ ಆಗುವುದು ತುಂಬ ಸಾಮಾನ್ಯ. ಅದಲ್ಲದಿದ್ದರೆ ಪ್ಲಗ್ ಕಿತ್ತು 10 ನಿಮಿಷ ಬಿಟ್ಟು ಮತ್ತೆ ಹಾಕಿ. ಗುಡುಗು ಮಿಂಚಿನ ದಿನ, ಕರೆಂಟ್ ಹೋಗಿ ಬಂದು ಮಾಡಿದ ದಿನ ಕಂಟ್ರೋಲ್ ಬೋರ್ಡು ಹೀಗೆ ಗೊಂದಲಕ್ಕೆ ಬೀಳುವುದುಂಟು.

ಆಮೇಲೆ ಬಾಗಿಲು. ಬಾಗಿಲ ಅಂಚಿನಲ್ಲಿ ಎರಡು ಪ್ಲಾಸ್ಟಿಕ್ ಕೊಕ್ಕೆಗಳಿವೆ, ಓವನ್ನಿನ ಚೌಕಟ್ಟಿನಲ್ಲಿ ಅವು ಕೂರುವ ಎರಡು ಕಿಂಡಿಗಳಿವೆ. ಕಿಂಡಿಯಲ್ಲಿ ಅನ್ನದ ಅಗುಳೋ ಬ್ರೆಡ್ಡಿನ ಚೂರೋ ಸಿಕ್ಕಿದ್ದರೆ ಕೊಕ್ಕೆ ಪೂರ್ತಿ ಕೂರುವುದಿಲ್ಲ, ಒಳಗಿನ ಸ್ವಿಚ್ಚು ಒತ್ತುವುದಿಲ್ಲ. ಪ್ಲಗ್ ಕಿತ್ತು, ಹಲ್ಲುಕಡ್ಡಿಯಿಂದ ಅಂಚಿನ ಕಸವನ್ನಷ್ಟೇ ಹೊರಗೆ ತೆಗೆಯಿರಿ. ಲೋಹದ ಕಡ್ಡಿ ಬೇಡ, ಒಳಗೆ ಚುಚ್ಚುವುದೂ ಬೇಡ. ನಂತರ ಬಾಗಿಲನ್ನು ಅಂಗೈಯಿಂದ ಒತ್ತಿ ಹಿಡಿದು ಸ್ಟಾರ್ಟ್ ಒತ್ತಿ ನೋಡಿ. ಒತ್ತಿದಾಗ, ಅಥವಾ ಬಾಗಿಲನ್ನು ತುಸು ಮೇಲಕ್ಕೆತ್ತಿದಾಗ ಮಾತ್ರ ಶುರುವಾದರೆ ಕೊಕ್ಕೆ ಸವೆದಿದೆ ಅಥವಾ ತಿರುಗಣಿ ಜಗ್ಗಿದೆ. ಇದು ದೋಷ ತಿಳಿಯಲು ಒಮ್ಮೆ ಮಾಡುವ ಪರೀಕ್ಷೆ. ದಿನವೂ ಹಾಗೆ ಒತ್ತಿಕೊಂಡು ಬಳಸುವುದು ಖಂಡಿತ ಕೂಡದು.

ಬಾಗಿಲು ತೆರೆದರೂ ತಟ್ಟೆ ತಿರುಗುತ್ತಲೇ ಇದ್ದರೆ, ಅಥವಾ ಗುಂಡಿ ಒತ್ತದೆ ಬಾಗಿಲು ಮುಚ್ಚಿದೊಡನೆ ಓವನ್ ತಾನಾಗಿ ಶುರುವಾದರೆ ಪ್ಲಗ್ ಕಿತ್ತುಬಿಡಿ, ರಿಪೇರಿಯಾಗುವವರೆಗೆ ಮತ್ತೆ ಹಾಕಬೇಡಿ. ಬಾಗಿಲು ಬಾಗಿದ್ದರೆ, ಗಾಜಿನ ಹಿಂದಿನ ಸಣ್ಣ ತೂತುಗಳ ಲೋಹದ ಜಾಲರಿ ಹರಿದಿದ್ದರೆ ಕೂಡ ಇದೇ ನಿಯಮ. ಒಳಗೆ ಮೊಬೈಲಿಟ್ಟು ಕರೆ ಮಾಡಿ ಸೋರಿಕೆ ನೋಡುವ ಪರೀಕ್ಷೆಯನ್ನು ನಂಬಬೇಡಿ. ಮೊಬೈಲ್ ತೀರಾ ಕ್ಷೀಣ ಸಿಗ್ನಲ್ಲನ್ನೂ ಹಿಡಿಯುತ್ತದೆ, ಸರಿಯಿರುವ ಓವನ್ನಿನೊಳಗೂ ಅದು ರಿಂಗಾಗಬಹುದು.

ಎಲ್ಲ ನಡೆಯುತ್ತದೆ, ಬಿಸಿ ಮಾತ್ರ ಆಗುತ್ತಿಲ್ಲ

ಇಲ್ಲಿ ಕಿವಿಗೆ ಕೆಲಸ. ಒಂದು ಗಾಜಿನ ಲೋಟದಲ್ಲಿ ನೀರಿಟ್ಟು, ಪವರನ್ನು ಪೂರ್ತಿಗೆ ಹಾಕಿ ಸ್ಟಾರ್ಟ್ ಒತ್ತಿ. ಒಳಗೆ ಏನೂ ಇಡದೆ ಯಾವತ್ತೂ ಓಡಿಸಬೇಡಿ. ಹೀರಿಕೊಳ್ಳಲು ಏನೂ ಇಲ್ಲದಿದ್ದರೆ ಶಕ್ತಿ ಮ್ಯಾಗ್ನೆಟ್ರಾನಿಗೇ ಹಿಂದಿರುಗಿ ಅದನ್ನು ಕಾಯಿಸುತ್ತದೆ.

ಸರಿಯಿರುವ ಓವನ್ನಿನಲ್ಲಿ ಮೊದಲು ಫ್ಯಾನಿನ ಬುರ್ರನೆ ಸದ್ದು ಬರುತ್ತದೆ. ಅದರೊಟ್ಟಿಗೆ, ಇಲ್ಲವೇ ಒಂದೆರಡು ಸೆಕೆಂಡಿನಲ್ಲಿ, ರಿಲೇ, ಅಂದರೆ ಬೋರ್ಡಿನ ಆಜ್ಞೆಯಂತೆ ವಿದ್ಯುತ್ ಹಾಯಿಸುವ ಸ್ವಿಚ್ಚು, ‘ಟಕ್’ ಎಂದು ಬಿದ್ದು ಟ್ರಾನ್ಸ್‌ಫಾರ್ಮರಿನ ಗುಂಯ್‌ಗುಡುವ ದಪ್ಪ ದನಿ ಸೇರಿಕೊಳ್ಳುತ್ತದೆ. ಬಿಸಿಯ ಗುರುತು ಈ ಎರಡನೆಯ ದನಿ. ಇನ್ವರ್ಟರ್ ಮಾದರಿಯ ಓವನ್‌ಗಳಲ್ಲಿ ಭಾರದ ಟ್ರಾನ್ಸ್‌ಫಾರ್ಮರ್ ಇರುವುದಿಲ್ಲ, ಅವುಗಳ ದನಿ ತೆಳು. ಅಂಥವಕ್ಕೆ ಈ ಕಿವಿಯ ಪರೀಕ್ಷೆ ಅಷ್ಟಾಗಿ ಒಗ್ಗದು.

ಫ್ಯಾನಿನ ಸದ್ದು ಮಾತ್ರ ಇದ್ದು ಗುಂಯ್ ದನಿ ಬರಲೇ ಇಲ್ಲವೆಂದರೆ ಟ್ರಾನ್ಸ್‌ಫಾರ್ಮರಿಗೆ ವಿದ್ಯುತ್ ತಲುಪುತ್ತಿಲ್ಲ. ಬಾಗಿಲ ಎರಡನೆಯ ಸ್ವಿಚ್ಚು, ಬೋರ್ಡಿನ ರಿಲೇ, ಶಾಖ ಮಿತಿಮೀರಿದಾಗ ಕಡಿಯುವ ಥರ್ಮಲ್ ಕಟೌಟ್, ಇವುಗಳಲ್ಲೊಂದು ಕಾರಣವಿರಬಹುದು. ಇವೆಲ್ಲ ಮ್ಯಾಗ್ನೆಟ್ರಾನಿಗೆ ಹೋಲಿಸಿದರೆ ಸಣ್ಣ ಖರ್ಚಿನವು. ಗುಂಯ್ ದನಿ ಎಂದಿಗಿಂತ ಜೋರಾಗಿ, ನರಳುವ ಹಾಗೆ ಬಂದರೆ, ಜೊತೆಗೆ ಸುಟ್ಟ ವಾಸನೆಯೂ ಇದ್ದರೆ ಡಯೋಡು ಅಥವಾ ಕೆಪ್ಯಾಸಿಟರ್ ಶಾರ್ಟ್ ಆಗಿರುವುದು, ಕೆಲವೊಮ್ಮೆ ಮ್ಯಾಗ್ನೆಟ್ರಾನೇ ಶಾರ್ಟ್ ಆಗಿರುವುದು ಕಾರಣ. ತಕ್ಷಣ ನಿಲ್ಲಿಸಿ. ದನಿ ಮಾಮೂಲಿನಂತೆಯೇ ಇದ್ದು ನೀರು ತಣ್ಣಗೇ ಉಳಿದರೆ ಅಧಿಕ ವೋಲ್ಟೇಜಿನ ಫ್ಯೂಸ್, ಡಯೋಡು, ಮ್ಯಾಗ್ನೆಟ್ರಾನ್ ಈ ಮೂರರ ಮೇಲೆ ಅನುಮಾನ. ಈ ಮೂರನೆಯ ಸಂದರ್ಭದಲ್ಲಿ ‘ಮ್ಯಾಗ್ನೆಟ್ರಾನ್ ಹೋಗಿದೆ’ ಎಂಬ ಮಾತಿಗೆ ತೂಕವಿದೆ. ಮೊದಲ ಸಂದರ್ಭದಲ್ಲಿ ಆ ಮಾತು ಹೇಳಿದರೆ ಮೀಟರ್ ಹಿಡಿದು ತೋರಿಸಲು ಕೇಳಿ.

ಆರಂಭದಲ್ಲಿ ಚೆನ್ನಾಗಿ ಕಾಯಿಸಿ, ನಾಲ್ಕೈದು ನಿಮಿಷದ ಮೇಲೆ ನಿಂತು, ಅರ್ಧ ಗಂಟೆ ಬಿಟ್ಟರೆ ಮತ್ತೆ ಕಾಯಿಸುವ ಓವನ್ನಿಗೆ ಉಸಿರು ಕಟ್ಟಿದೆ. ಗೂಡಿನಂಥ ಕಪಾಟಿನಲ್ಲಿ ಒತ್ತಿ ಇಟ್ಟಿದ್ದರೆ, ಗಾಳಿಯ ಕಿಂಡಿಗೆ ಎಣ್ಣೆ ಜಿಡ್ಡು ಮೆತ್ತಿದ್ದರೆ, ಮೇಲೆ ಕಸೂತಿ ಬಟ್ಟೆ ಹೊದಿಸಿದ್ದರೆ ಥರ್ಮಲ್ ಕಟೌಟ್ ಪದೇ ಪದೇ ಕಡಿಯುತ್ತದೆ. ಮೇಲೆ 20 ಸೆಂ.ಮೀ., ಹಿಂದೆ 10 ಸೆಂ.ಮೀ., ಪಕ್ಕಗಳಲ್ಲಿ 5 ಸೆಂ.ಮೀ. ಜಾಗ ಬಿಡಿ. ಇಷ್ಟಾದರೂ ಸರಿಹೋಗದಿದ್ದರೆ ಫ್ಯಾನ್ ತೋರಿಸಿ.

ಬಿಸಿ ಕಡಿಮೆಯಾಗಿದೆಯೇ? ನೀರಿನಲ್ಲಿ ಅಳೆಯಿರಿ

‘ಮೊದಲಿನ ಹಾಗೆ ಕಾಯುತ್ತಿಲ್ಲ’ ಎಂಬುದು ಅನಿಸಿಕೆಯೋ ನಿಜವೋ ಎಂದು ಲೆಕ್ಕ ಹಾಕಿ ತಿಳಿಯಬಹುದು. 100 ಡಿಗ್ರಿವರೆಗೆ ತೋರಿಸುವ ಅಡುಗೆಯ ಥರ್ಮಾಮೀಟರ್ ಬೇಕು, ಜ್ವರ ನೋಡುವುದು ಆಗದು. ಗಾಜಿನ ಬಟ್ಟಲಿಗೆ ಸರಿಯಾಗಿ 1 ಲೀಟರಿನಷ್ಟು ನಲ್ಲಿಯ ನೀರು ಹಾಕಿ ಉಷ್ಣತೆ ಬರೆದುಕೊಳ್ಳಿ. ಪೂರ್ತಿ ಪವರಿನಲ್ಲಿ 1 ನಿಮಿಷ ಓಡಿಸಿ. ಹೊರತೆಗೆದು ಚೆನ್ನಾಗಿ ಕಲಕಿ ಮತ್ತೆ ನೋಡಿ. ಏರಿದ ಡಿಗ್ರಿಗಳನ್ನು 70ರಿಂದ ಗುಣಿಸಿದರೆ ನೀರಿಗೆ ತಲುಪಿದ ಶಕ್ತಿ ವ್ಯಾಟಿನಲ್ಲಿ ಸಿಗುತ್ತದೆ. 25 ಇದ್ದದ್ದು 35 ಆದರೆ 700 ವ್ಯಾಟ್. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಏರಿಸಲು ಸುಮಾರು 4200 ಜೂಲ್ ಬೇಕು, ಅದನ್ನು 60 ಸೆಕೆಂಡಿಗೆ ಹಂಚಿದರೆ ಈ 70 ಬರುತ್ತದೆ. ಓವನ್ನಿನ ಹಿಂದಿನ ಚೀಟಿಯಲ್ಲಿ ‘ಔಟ್‌ಪುಟ್’ ಎಂದು ಬರೆದಿರುವ ವ್ಯಾಟಿನೊಡನೆ ಹೋಲಿಸಿ, ‘ಇನ್‌ಪುಟ್’ ಜೊತೆಗಲ್ಲ. ಬಟ್ಟಲೂ ಸ್ವಲ್ಪ ಶಾಖ ಹೀರುತ್ತದೆ, ಮ್ಯಾಗ್ನೆಟ್ರಾನ್ ಕಾವೇರಲು ಒಂದೆರಡು ಸೆಕೆಂಡು ಹಿಡಿಯುತ್ತದೆ. ಹಾಗಾಗಿ ಐದನೇ ಒಂದು ಭಾಗದಷ್ಟು ಕಡಿಮೆ ಬಂದರೆ ಗಾಬರಿ ಬೇಡ. ಅರ್ಧಕ್ಕೆ ಇಳಿದಿದ್ದರೆ ದೋಷವಿದೆ.

ಥರ್ಮಾಮೀಟರ್ ಇಲ್ಲದಿದ್ದರೆ 200 ಮಿ.ಲೀ. ನೀರನ್ನು 2 ನಿಮಿಷ ಇಡಿ, 700-800 ವ್ಯಾಟ್‌ನ ಓವನ್ನಿನಲ್ಲಿ ಅದು ಕುದಿಯುವ ಹತ್ತಿರ ಬರಬೇಕು. ಲೋಟದೊಳಗೆ ಒಂದು ಮರದ ಚಮಚ ಇಟ್ಟಿರಿ. ನುಣುಪು ಲೋಟದಲ್ಲಿ ನೀರು ಗುಳ್ಳೆಯೇಳದೆ 100 ಡಿಗ್ರಿ ದಾಟಿ, ಅಲುಗಿಸಿದಾಗ ಒಮ್ಮೆಲೇ ಚಿಮ್ಮಿ ಮುಖ ಸುಟ್ಟುಬಿಡಬಹುದು.

ಈ ಪರೀಕ್ಷೆಯನ್ನು ಸಂಜೆ 7ಕ್ಕೆ ಒಮ್ಮೆ, ರಾತ್ರಿ 11ರ ಮೇಲೆ ಒಮ್ಮೆ ಮಾಡಿ ನೋಡಿ. ರಾತ್ರಿ ಚೆನ್ನಾಗಿ ಬಂದು ಸಂಜೆ ಕುಸಿದರೆ ಓವನ್ ಸರಿಯಿದೆ, ಲೈನಿನ ವೋಲ್ಟೇಜ್ ಸರಿಯಿಲ್ಲ. ಪಂಪ್‌ಸೆಟ್ಟುಗಳು ಓಡುವ ಹೊತ್ತಿನ ಹಳ್ಳಿಗಳಲ್ಲಿ, ಬೇಸಿಗೆಯ ಸಂಜೆ ಎಸಿಗಳು ಓಡುವ ಬಡಾವಣೆಗಳಲ್ಲಿ ಹೀಗಾಗುತ್ತದೆ. ವೋಲ್ಟೇಜ್ ಎಷ್ಟು ಇಳಿಯಿತೋ ಅದಕ್ಕಿಂತ ಹೆಚ್ಚಿನ ಪ್ರಮಾಣದಲ್ಲಿ ಮ್ಯಾಗ್ನೆಟ್ರಾನಿನ ಶಕ್ತಿ ಇಳಿಯುತ್ತದೆ. ಸ್ಟೆಬಿಲೈಜರ್ ಹಾಕುವುದಾದರೆ ಇನ್‌ಪುಟ್ ವ್ಯಾಟಿಗಿಂತ ಸಾಕಷ್ಟು ಹೆಚ್ಚು ತಾಳುವಂಥದ್ದನ್ನೇ ಕೊಳ್ಳಿ, ಟಿವಿಗೆ ಹಾಕುವ ಸಣ್ಣದು ಸುಟ್ಟುಹೋಗುತ್ತದೆ. ಎಲ್ಲ ಹೊತ್ತಿನಲ್ಲೂ ಕಡಿಮೆಯೇ ಬಂದರೆ, ಅದರಲ್ಲೂ ಕೆಲವು ವರ್ಷಗಳಲ್ಲಿ ಮೆಲ್ಲಮೆಲ್ಲಗೆ ಇಳಿದಿದ್ದರೆ, ಮ್ಯಾಗ್ನೆಟ್ರಾನ್ ಮುಪ್ಪಾಗಿದೆ.

ಪಾತ್ರೆ ಸುಡುತ್ತಿದೆ, ಆಹಾರ ತಣ್ಣಗಿದೆ ಎಂದಾದರೆ ಪಾತ್ರೆಯೇ ತಪ್ಪು. ಮೆಲಮೈನ್ ತಟ್ಟೆ, ಕೆಲವು ಪಿಂಗಾಣಿ ಬಟ್ಟಲು ತಾವೇ ಶಾಖ ಹೀರುತ್ತವೆ. ಖಾಲಿ ಪಾತ್ರೆಯ ಪಕ್ಕದಲ್ಲಿ ಒಂದು ಲೋಟ ನೀರಿಟ್ಟು 1 ನಿಮಿಷ ಓಡಿಸಿ. ನೀರು ಬಿಸಿಯಾಗಿ ಪಾತ್ರೆ ತಣ್ಣಗಿದ್ದರೆ ಬಳಸಬಹುದು. ಅಂಚು ಬಿಸಿಯಾಗಿ ನಡು ತಣ್ಣಗೆ ಉಳಿಯುವುದು ಮಾತ್ರ ಓವನ್ನಿನ ಸ್ವಭಾವ. ಮೈಕ್ರೋವೇವ್ ಆಹಾರದೊಳಗೆ ಕೆಲವೇ ಸೆಂಟಿಮೀಟರ್ ಇಳಿಯುತ್ತದೆ. ತಂಗಳನ್ನವನ್ನು ಗುಡ್ಡೆ ಹಾಕದೆ ಹರಡಿ, ಒಂದು ಬಟ್ಟಲಿಗೆ ಎರಡು ಚಮಚ ನೀರು ಚಿಮುಕಿಸಿ, ಸಡಿಲವಾಗಿ ಮುಚ್ಚಿ, ಅರ್ಧದಲ್ಲಿ ಒಮ್ಮೆ ಕಲಕಿ.

ಒಳಗೆ ಕಿಡಿ ಹಾರುತ್ತಿದ್ದರೆ

ನಿಲ್ಲಿಸಿ. ಸ್ಟೀಲ್ ಚಮಚ, ಅಲ್ಯೂಮಿನಿಯಂ ಹಾಳೆ, ಚಿನ್ನದ ಬಣ್ಣದ ಅಂಚಿನ ತಟ್ಟೆ ಒಳಗಿದೆಯೇ ನೋಡಿ. ಗ್ರಿಲ್ ಮಾಡಲು ಕೊಟ್ಟಿದ್ದ ಲೋಹದ ಎತ್ತರದ ಸ್ಟ್ಯಾಂಡನ್ನು ಮೈಕ್ರೋವೇವ್ ಮೋಡಿನಲ್ಲಿ ಬಿಟ್ಟಿರುವುದೂ ಸಾಮಾನ್ಯ ಕಾರಣ. ಇವೇನೂ ಇಲ್ಲದೆ ಕಿಡಿ ಬಂದರೆ ಕಣ್ಣು ಹಾಯಿಸಬೇಕಾದದ್ದು ಒಳಗಿನ ಗೋಡೆಯ, ಸಾಮಾನ್ಯವಾಗಿ ಬಲಗಡೆಯ, ರಟ್ಟಿನಂಥ ತೆಳು ಹಾಳೆಯ ಮೇಲೆ. ಅದು ಅಭ್ರಕದ್ದು, ನಮ್ಮ ಕಾಗೆಬಂಗಾರ. ಅದನ್ನು ಪ್ಯಾಕಿಂಗ್ ರಟ್ಟೆಂದು ತಿಳಿದು ಕಿತ್ತೆಸೆಯುವವರೂ ಇದ್ದಾರೆ. ಮ್ಯಾಗ್ನೆಟ್ರಾನಿನಿಂದ ಅಲೆಗಳು ಬರುವ ಕಿಂಡಿಗೆ ಎಣ್ಣೆ, ಹಬೆ ನುಗ್ಗದಂತೆ ಅದು ಕಾಯುತ್ತದೆ. ಅದರ ಮೇಲೆ ಒಗ್ಗರಣೆಯ ಎಣ್ಣೆ, ತುಪ್ಪ ಸಿಡಿದು ಒರೆಸದೆ ಬಿಟ್ಟರೆ ಅಲ್ಲೇ ಕಾದು ಇದ್ದಲಾಗುತ್ತದೆ. ಇದ್ದಲು ವಿದ್ಯುತ್ ಹರಿಸುತ್ತದೆ, ಅಲ್ಲಿಂದ ಕಿಡಿ ಶುರು. ಕಿಡಿ ಮತ್ತಷ್ಟು ಇದ್ದಲು ಮಾಡುತ್ತದೆ.

ಇದನ್ನು ನೀವೇ ಬದಲಾಯಿಸಬಹುದು. ಪ್ಲಗ್ ಕಿತ್ತು ಓವನ್ ತಣಿಯಲು ಬಿಡಿ. ಹಾಳೆ ಒಂದು ಸ್ಕ್ರೂವಿನಿಂದಲೋ, ಸಣ್ಣ ಕೊಕ್ಕೆಗಳಿಂದಲೋ ಕೂತಿರುತ್ತದೆ, ಒಳಗಿನಿಂದಲೇ ಬಿಡಿಸಿ. ಬರೀ ಜಿಡ್ಡಿದ್ದರೆ ಪಾತ್ರೆ ತೊಳೆಯುವ ಸೋಪಿನ ನೀರಲ್ಲಿ ಅದ್ದಿದ ಬಟ್ಟೆಯಿಂದ ಮೆಲ್ಲಗೆ ಒರೆಸಿ, ಪೂರ್ತಿ ಒಣಗಿಸಿ ಹಾಕಿ. ಕರಿ ಕಲೆ, ತೂತು, ಪದರ ಬಿಟ್ಟಿರುವುದು ಕಂಡರೆ ಹೊಸದು ಬೇಕು. ಬಿಡಿಭಾಗದ ಅಂಗಡಿಗಳಲ್ಲಿ, ಬೆಂಗಳೂರಾದರೆ ಎಸ್.ಪಿ. ರೋಡಿನಂಥ ಕಡೆ, ಮೈಕಾ ಶೀಟ್ ಎಂದು ಕೇಳಿ. ಹಳೆಯದನ್ನು ಮೇಲಿಟ್ಟು ಪೆನ್ಸಿಲಿನಿಂದ ಗೆರೆ ಎಳೆದು, ಚೂಪಾದ ಕತ್ತರಿಯಿಂದ ಕತ್ತರಿಸಿ. ಸ್ಕ್ರೂವಿನ ತೂತನ್ನು ಒತ್ತಿ ಚುಚ್ಚಬೇಡಿ, ಪದರ ಸೀಳುತ್ತದೆ. ಮೊಳೆಯ ತುದಿಯನ್ನು ತಿರುಗಿಸುತ್ತ ಕೊರೆಯಿರಿ. ಹಾಕುವ ಮುನ್ನ ಕಿಂಡಿಯ ಸುತ್ತ ಗೋಡೆಗೆ ಮೆತ್ತಿದ ಮಸಿಯನ್ನು ಒರೆಸದಿದ್ದರೆ ಹೊಸ ಹಾಳೆಯೂ ಬೇಗ ಸುಡುತ್ತದೆ. ಹಾಳೆಯಿಲ್ಲದೆ ಓವನ್ ಓಡಿಸಬೇಡಿ.

ಗೋಡೆಯ ಬಣ್ಣ ಎದ್ದು ತುಕ್ಕು ಹಿಡಿದಲ್ಲೂ ಕಿಡಿ ಬರುತ್ತದೆ. ಓವನ್ ಒಳಭಾಗಕ್ಕೆಂದೇ ಬರುವ ಬಣ್ಣ ಬೇಕು, ಗೇಟಿಗೆ ಹೊಡೆಯುವ ಪೇಂಟ್ ಅಲ್ಲ. ತುಕ್ಕು ತಗಡನ್ನು ತೂತು ಮಾಡಿದ್ದರೆ ಆ ಓವನ್ನಿನ ಆಯುಸ್ಸು ಮುಗಿಯಿತು.

ತಟ್ಟೆ, ಗುಂಡಿ, ಜಿರಳೆ

ತಟ್ಟೆ ತಿರುಗದಿದ್ದರೆ ಗಾಜನ್ನು ತೆಗೆದು ಕೆಳಗಿನ ಉರುಳೆಯ ಬಳೆಯನ್ನು ತೊಳೆಯಿರಿ. ಉರುಳೆಗಳಿಗೆ ಸಕ್ಕರೆ ಪಾಕ, ಜಿಡ್ಡು ಅಂಟಿ ಬಿಗಿಯುತ್ತವೆ. ನಡುವೆ ತಟ್ಟೆಯನ್ನು ತಿರುಗಿಸುವ ಪ್ಲಾಸ್ಟಿಕ್ ಕಪ್ಲರಿನ ಮೂಲೆಗಳು ಸವೆದಿವೆಯೇ, ಚೌಕದ ಪಾತ್ರೆ ಗೋಡೆಗೆ ತಾಗುತ್ತಿದೆಯೇ ನೋಡಿ. ತಟ್ಟೆಯಿಲ್ಲದೆ ನೀರಿನ ಲೋಟವನ್ನು ಬದಿಗಿಟ್ಟು ಓಡಿಸಿದಾಗ ಕಪ್ಲರ್ ತಿರುಗದಿದ್ದರೆ ಮೋಟಾರ್ ಹೋಗಿದೆ. ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ತಿರುಗುವುದು ದೋಷವಲ್ಲ, ಆ ಮೋಟಾರಿನ ರೀತಿಯೇ ಹಾಗೆ.

ಕೆಲವು ಗುಂಡಿ ಕೆಲಸ ಮಾಡಿ ಕೆಲವು ಮಾಡದಿದ್ದರೆ ಗುಂಡಿಗಳ ಪೊರೆಯೊಳಗೆ ವಿದ್ಯುತ್ ಹರಿಯುವ ಗೆರೆ ಕಡಿದಿದೆ. ಕ್ಲೀನರನ್ನು ಪ್ಯಾನಲ್ ಮೇಲೆ ನೇರವಾಗಿ ಸ್ಪ್ರೇ ಮಾಡಿದ್ದರೆ ಪ್ಲಗ್ ಕಿತ್ತು ಒಂದು ದಿನ ಒಣಗಲು ಬಿಡಿ, ಸರಿಹೋಗಬಹುದು. ಮುಂದೆ ಬಟ್ಟೆಗೆ ಹಾಕಿಕೊಂಡು ಒರೆಸಿ.

ನಮ್ಮ ಅಡುಗೆಮನೆಗಳಲ್ಲಿ ಬೋರ್ಡು ಕೆಡಿಸುವ ದೊಡ್ಡ ಶತ್ರು ಜಿರಳೆ. ಬೆಚ್ಚಗಿನ, ಕತ್ತಲಿನ ಜಾಗ ಅದಕ್ಕೆ ಇಷ್ಟ. ಗಾಳಿಕಿಂಡಿಯಿಂದ ನುಗ್ಗಿ ಬೋರ್ಡಿನ ಮೇಲೆ ಹಿಕ್ಕೆ ಹಾಕಿ ಗೆರೆಗಳನ್ನು ಶಾರ್ಟ್ ಮಾಡುತ್ತದೆ. ಕಿಂಡಿಗೆ ಕೀಟನಾಶಕ ಸ್ಪ್ರೇ ಮಾಡಬೇಡಿ, ಕಿಂಡಿಯನ್ನು ಟೇಪಿನಿಂದ ಮುಚ್ಚಲೂ ಬೇಡಿ. ಓವನ್ ಇಟ್ಟ ಕಟ್ಟೆಯ ಮೂಲೆಗಳಿಗೆ ಜಿರಳೆ ಜೆಲ್ ಹಾಕಿ, ರಾತ್ರಿ ಒಳಗನ್ನು ಒರೆಸಿ ಒಣಗಿಸಿ. ವಾಸನೆ, ಜಿಡ್ಡಿಗೆ ಒಂದು ಬಟ್ಟಲು ನೀರಿಗೆ ಅರ್ಧ ನಿಂಬೆಹಣ್ಣು ಹಿಂಡಿ 5 ನಿಮಿಷ ಓಡಿಸಿ, ಬಾಗಿಲು ತೆಗೆಯದೆ ಇನ್ನೈದು ನಿಮಿಷ ಬಿಟ್ಟು ಒರೆಸಿದರೆ ಸಾಕು.

ಮುಟ್ಟಿದರೆ ಜುಮ್ಮೆನ್ನುವುದು, ಆರ್‌ಸಿಸಿಬಿ ಬೀಳುವುದು

ಹೊರಮೈ ಮುಟ್ಟಿದಾಗ ಜುಮ್ಮೆಂದರೆ ಅರ್ಥಿಂಗ್ ಇಲ್ಲ. ಮೂರನೆಯ ಪಿನ್ ಕತ್ತರಿಸಿದ್ದಾರೆಯೇ, ಸಾಕೆಟ್ಟಿಗೆ ಅರ್ಥ್ ತಂತಿ ಬಂದಿದೆಯೇ ಪರೀಕ್ಷೆ ಮಾಡಿಸಿ. ಉಪ್ಪು, ಇದ್ದಲು ತುಂಬಿದ ಹಳೆಯ ಮಾದರಿಯ ಅರ್ಥಿಂಗ್ ಗುಂಡಿ ಇರುವ ಮನೆಗಳಲ್ಲಿ ಬೇಸಿಗೆಯಲ್ಲಿ ಗುಂಡಿ ಒಣಗಿ ಹೀಗಾಗುತ್ತದೆ, ಆಗಾಗ ನೀರು ಹಾಕಬೇಕು. ಸರಿಹೋಗುವವರೆಗೆ ಓವನ್ ಬಳಸಬೇಡಿ.

ಮೈಕ್ರೋವೇವ್ ಮೋಡಿನಲ್ಲಿ ಸುಮ್ಮನಿದ್ದು ಕನ್ವೆಕ್ಷನ್ ಹಾಕಿದಾಗ ಮಾತ್ರ, ವಿದ್ಯುತ್ ಸೋರಿದೊಡನೆ ಕರೆಂಟ್ ಕಡಿಯುವ ಆರ್‌ಸಿಸಿಬಿ ಬಿದ್ದರೆ ಹೀಟರ್ ಕಂಬಿಯಲ್ಲಿ ತೇವಾಂಶ ಸೇರಿದೆ. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ತಿಂಗಳುಗಟ್ಟಲೆ ಕನ್ವೆಕ್ಷನ್ ಬಳಸದೆ ಇಟ್ಟ ಓವನ್‌ಗಳಲ್ಲಿ ಇದು ಕಾಣಿಸುತ್ತದೆ. ಕಂಬಿಯ ಒಳಗಿನ ನಿರೋಧಕ ಪುಡಿ ತೇವ ಹೀರುವಂಥದ್ದು. ಆರ್‌ಸಿಸಿಬಿಯನ್ನು ತಪ್ಪಿಸಿ ಓಡಿಸುವ ಸಾಹಸ ಬೇಡ, ಟೆಕ್ನಿಷಿಯನ್ ಹೀಟರಿನ ನಿರೋಧ ಅಳೆದು ಒಣಗಿಸಲಿ ಅಥವಾ ಬದಲಿಸಲಿ.

ಟೆಕ್ನಿಷಿಯನ್ ಬಂದಾಗ

ವಾರಂಟಿ ಕಾರ್ಡನ್ನು ಮೊದಲೇ ತೆಗೆದಿಡಿ. ಓವನ್ನಿಗೆ 1 ವರ್ಷ ಮುಗಿದಿದ್ದರೂ ಹಲವು ಕಂಪನಿಗಳು ಮ್ಯಾಗ್ನೆಟ್ರಾನಿಗೆ ಬೇರೆಯಾಗಿ ಹೆಚ್ಚಿನ ವರ್ಷಗಳ ವಾರಂಟಿ ಕೊಟ್ಟಿರುತ್ತವೆ. ಫೋನಿನಲ್ಲಿ ‘ಓವನ್ ಕೆಟ್ಟಿದೆ’ ಎನ್ನುವ ಬದಲು ಗಮನಿಸಿದ್ದನ್ನು ಹೇಳಿ: ಫ್ಯಾನ್ ಓಡುತ್ತದೆ, ಗುಂಯ್ ದನಿ ಬರುತ್ತಿಲ್ಲ, ಬಾಗಿಲು ಮುಚ್ಚಿದಾಗ ನಿಂತುಹೋಯಿತು, ಡಿಸ್‌ಪ್ಲೇ ಮೇಲೆ ಇಂಥ ಅಕ್ಷರ ಬರುತ್ತಿದೆ. ಬೇಕಾದ ಭಾಗವನ್ನು ಜೊತೆಗೇ ತರಲು ಅವರಿಗೂ ಅನುಕೂಲ. ಬದಲಿಸಿದ ಹಳೆಯ ಭಾಗವನ್ನು ಕೇಳಿ ಪಡೆಯಿರಿ. ಕವಚ ಹಾಕುವಾಗ ಎಲ್ಲ ಸ್ಕ್ರೂಗಳನ್ನೂ ಹಾಕಿದ್ದಾರೆಯೇ ಎಣಿಸಿ. ಆಮೇಲೆ ದುಡ್ಡು ಕೊಡುವ ಮುಂಚೆ, ಅವರ ಎದುರಿಗೇ 1 ಲೀಟರ್ ನೀರಿಟ್ಟು 1 ನಿಮಿಷ ಓಡಿಸಿ, ಏರಿದ ಡಿಗ್ರಿಯನ್ನು ವಾರಂಟಿ ಕಾರ್ಡಿನ ಹಿಂಬದಿಯಲ್ಲಿ ತಾರೀಖಿನೊಂದಿಗೆ ಬರೆದಿಡಿ.